ಬೀಸುಕಲ್ಲು ಒಯ್ದವರಾರು

ಹಲಗಲಿಯ ಕಥೆ ಪುಸ್ತಕಗಳಲ್ಲಿ 19 ಎಂಬ ಸಂಖ್ಯೆಗೆ ಬಂದು ನಿಲ್ಲುತ್ತದೆ. ಆಯುಧ ಒಪ್ಪಿಸಬೇಕೆಂಬ ಕಾಯ್ದೆಗೆ ಮುಧೋಳ ಸಂಸ್ಥಾನದ ಈ ಊರಿನ ಬೇಡರು ಮಣಿಯಲಿಲ್ಲ. 1857ರ ನವೆಂಬರ್ ಕೊನೆಯಲ್ಲಿ ಬ್ರಿಟಿಷರ ದಂಡು ಬಂದು ಊರು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13, ಹಲಗಲಿಯಲ್ಲಿ 6 ಜನರಿಗೆ ಗಲ್ಲಾಯಿತು. ದಂಡಿನಲ್ಲಿ ಈ ನೆಲದ ಸವಾರರೂ ಇದ್ದರು ಎಂಬುದನ್ನು ನಾವು ಮೆಲ್ಲಗೆ ದಾಟಿಬಿಡುತ್ತೇವೆ.

ಗಲ್ಲಿಗೇರಿದವರ ಲೆಕ್ಕ ಸರಕಾರ ಇಟ್ಟಿತು. ಮಿಕ್ಕವರ ಮನೆಯಲ್ಲಿ ಮರುದಿನ ಒಲೆ ಹೊತ್ತಿತೆ? ನನ್ನ ಪಿಎಚ್‌ಡಿಯ ಒಂದು ಅಧ್ಯಾಯ ಇಷ್ಟನ್ನೇ ಕೇಳುತ್ತದೆ. 'ಆಧಾರ ಎಲ್ಲಿಂದ ತರ್ತೀರಿ?' ಎಂದು ಸೆಮಿನಾರಿನಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಆಧಾರ ಲಾವಣಿಯಲ್ಲಿದೆ. ಹತ್ತನೇ ಇಯತ್ತೆಯಲ್ಲಿ ನಾವೆಲ್ಲ ಓದಿದ್ದೇ. ಪರೀಕ್ಷೆಗೆ ಬರುತ್ತಿದ್ದದ್ದು ಜಡಗ, ಬಾಲರ ಶೌರ್ಯ. ಆದರೆ ಊರು ಬಿದ್ದ ಮೇಲೆ ಲಾವಣಿಕಾರ ಸಾಮಾನು ಎಣಿಸತೊಡಗುತ್ತಾನೆ: ಹಾಲು, ಬೆಲ್ಲ, ಅರಿಶಿಣ, ಗಂಗಾಳ, ಮಂಗಳಸೂತ್ರ, ಕೊನೆಗೆ ಬೀಸುಕಲ್ಲು ಕೂಡ. ಅಡುಗೆಮನೆಯೊಳಗೆ ಕಾಲಿಟ್ಟವನಿಗೆ ಮಾತ್ರ ಹೊಳೆಯುವ ಪಟ್ಟಿ ಇದು. ಇದನ್ನು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಮಾಡಿಸಿದವರು ಜೆ.ಎಫ್. ಫ್ಲೀಟ್. ರಾಜರ ಶಾಸನ ಓದಿ ಹೆಸರಾದವರು, ಬ್ರಿಟಿಷ್ ಸರಕಾರದ್ದೇ ಅಧಿಕಾರಿ. ಅವರ ಆಯುಷ್ಯದ ದುಡಿಮೆಯ ಬಹುಪಾಲು ಆ ಶಾಸನಗಳದು. ನನಗಂತೂ ಈ ಕೆಲವು ಪುಟಗಳೇ ಹೆಚ್ಚು.

ಬೀಸುಕಲ್ಲಿನ ಹತ್ತಿರ ಮಾತ್ರ ನಾನು ಬಹಳ ದಿನ ತಡವರಿಸಿದೆ. ಅಷ್ಟು ಭಾರದ್ದನ್ನು ಯಾವ ಸಿಪಾಯಿ ಹೊತ್ತೊಯ್ಯುತ್ತಾನೆ? ಕವಿಯ ಉತ್ಪ್ರೇಕ್ಷೆ ಎಂದು ಅಡಿಟಿಪ್ಪಣಿ ಬರೆದಿಟ್ಟಿದ್ದೆ. ಬನಹಟ್ಟಿಯಲ್ಲಿ ಸೋದರತ್ತೆಗೆ ಹೇಳಿದಾಗ ಆಕೆ ಮಗ್ಗದ ನೂಲಿನಿಂದ ಕಣ್ಣೆತ್ತದೆ, 'ಒಯ್ಯೂದ್ಯಾಕ ಬೇಕೋ ತಮ್ಮಾ, ಒಡದ್ರ ಸಾಕಲ್ಲ' ಎಂದಳು.

ಕಲ್ಲು ಒಡೆದರೆ ಹಿಟ್ಟಿಲ್ಲ, ಹಿಟ್ಟಿಲ್ಲದಿದ್ದರೆ ರೊಟ್ಟಿಯಿಲ್ಲ. ಹಗೇವಿನಲ್ಲಿ ಜೋಳ ಉಳಿದಿದ್ದರೂ ಊರು ಉಪವಾಸ. ಬಂದೂಕು ಹಿಡಿಯದವರ ಮೇಲೆ ಯುದ್ಧ ಹೀಗೆ ಬೀಳುತ್ತದೆ. ಅಡಿಟಿಪ್ಪಣಿ ಈಗ ಅಧ್ಯಾಯದ ಮಧ್ಯಕ್ಕೆ ಬಂದಿದೆ.

ಇನ್ನು ಉಳಿದದ್ದು ಹೆಂಗಸರು ಎಲ್ಲಿ ಹೋದರು ಎಂಬುದು. ಮನೆ ಸುಟ್ಟವಳು ಮೊದಲು ನೆನೆಯುವುದು ತವರನ್ನು. ಆ ತವರುಗಳು ಬೀಳಗಿ, ಜಮಖಂಡಿ ಕಡೆಯ ಹಳ್ಳಿಗಳಲ್ಲೂ ಇದ್ದಿರಬೇಕು ಎಂಬುದು ನನ್ನ ಊಹೆ. ಸುಗ್ಗಿ ಮುಗಿದ ಮೇಲೆ ಅಲ್ಲಿಗೆ ಹೊರಟಿದ್ದೇನೆ, ಬೀಸುವ ಪದ ಬಲ್ಲ ಮುದುಕಿಯರನ್ನು ಹುಡುಕಿಕೊಂಡು.