ಕುರು ಎದ್ದರೆ ಮಾವಿನಹಣ್ಣಿನ ಮೇಲೇಕೆ ತಪ್ಪು?

ಬೇಸಿಗೆಯಲ್ಲಿ ತೊಡೆಗೋ ಕಂಕುಳಿಗೋ ಕುರು ಎದ್ದರೆ ಅರಸೀಕೆರೆ, ಹಳೇಬೀಡಿನ ಕಡೆ ಮೊದಲ ಆರೋಪ ಉಷ್ಣದ ಮೇಲೆ, ಎರಡನೆಯದು ಮಾವಿನಹಣ್ಣಿನ ಮೇಲೆ. ಉಷ್ಣವೊಂದೇ ಕಾರಣವಾಗಿದ್ದರೆ ಮಳೆ ಹಿಡಿದ ಬೇಲೂರಿನ ಕಾಫಿ ತೋಟದಲ್ಲಿ ಯಾರಿಗೂ ಕುರು ಏಳಬಾರದಿತ್ತು. ನಿಜವಾದ ಕಾರಣ, ಅಂದರೆ ಕೀವಿನಲ್ಲಿರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1880ರಲ್ಲೇ ತೋರಿಸಿಕೊಟ್ಟ. ಅನೇಕರ ಮೂಗಿನಲ್ಲಿ, ಚರ್ಮದ ಮೇಲೆ ತೆಪ್ಪಗಿರುವ ಅದು ಕೂದಲ ಬುಡದಲ್ಲಿ ಸಣ್ಣ ಗಾಯ ಸಿಕ್ಕಿದರೆ ಒಳಗಿಳಿಯುತ್ತದೆ. ಮೈ ಅದರೊಡನೆ ಕಾದಾಡುವಾಗ ಕೀವು ಕಟ್ಟುತ್ತದೆ, ನೋವು ಏಳುತ್ತದೆ.

ಹಾಗಾದರೆ ಬೇಸಿಗೆಯಲ್ಲೇ ಏಕೆ ಹೆಚ್ಚು ಎಂದು ಕೇಳಬಹುದು. ಬೆವರು, ಬಿಗಿ ಬಟ್ಟೆಯ ಉಜ್ಜಾಟ, ಕೆರೆತ ಇವೆಲ್ಲ ಆ ಬ್ಯಾಕ್ಟೀರಿಯಾಕ್ಕೆ ದಾರಿ ಬಿಡುತ್ತವೆ. ಹಿರಿಯರು ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಅವರು ಹೇಳಿದ್ದಲ್ಲ. ಮಾವಿನ ಸೊನೆ ತಾಗಿ ಬಾಯಿಯ ಸುತ್ತ ಸುಡುವುದೂ ನಿಜ. ಆದರೆ ಅದು ಕುರುವಲ್ಲ. ಒಂದೇ ಟವೆಲು, ಒಂದೇ ರೇಜರು ಬಳಸಿದರೆ ಸೋಂಕು ಮನೆಮಂದಿಗೆಲ್ಲ ಹರಡಬಹುದು. ಮತ್ತೆ ಮತ್ತೆ ಎದ್ದರೆ ಹಣ್ಣು ಬಿಡುವುದಕ್ಕಿಂತ ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸುವುದು ಮೇಲು. ಹಿಸುಕಬೇಡಿ, ಬಿಸಿನೀರಿನ ಶಾಖ ಕೊಡಿ. ಜ್ವರ ಬಂದರೆ ಅಥವಾ ಮುಖದ ಮೇಲೆ ಎದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.