1001 ಯಾರು?

ಅಪ್ಪ ತೀರಿಕೊಂಡು ಎಂಟು ತಿಂಗಳಾದ ಮೇಲೆ, ನಮ್ಮ ಡೊಂಬಿವಲಿ ಮನೆಯ ಉಬುಂಟು ಲ್ಯಾಪ್‌ಟಾಪನ್ನು ಅಮ್ಮನಿಗೆ ಸಿದ್ಧ ಮಾಡಿಕೊಡಲು ಕೂತೆ. ಅದರಲ್ಲಿದ್ದದ್ದು ಎರಡೇ ಖಾತೆ: ನನ್ನದು, ಅಪ್ಪನದು. ಅಪ್ಪನ ಖಾತೆ ಅಳಿಸಿ ಫೋಲ್ಡರನ್ನು ಮಾತ್ರ ಉಳಿಸಿಕೊಂಡೆ. ಆಮೇಲೆ ಫೈಲುಗಳ ಪಟ್ಟಿ ನೋಡಿದರೆ, ಒಡೆಯನ ಹೆಸರಿರಬೇಕಾದಲ್ಲಿ ಬರೀ 1001 ಎಂದಿತ್ತು.

ಅನುವಾದ ನನ್ನ ಕಸುಬು. 'ಫೈಲ್ ಓನರ್' ಎಂಬುದನ್ನು 'ಕಡತದ ಒಡೆಯ' ಎಂದು ಎಷ್ಟೋ ಕೈಪಿಡಿಗಳಲ್ಲಿ ಬರೆದಿದ್ದೇನೆ. ಆ ಒಡೆಯ ಒಂದು ಸಂಖ್ಯೆ ಎಂದು ಕಣ್ಣಾರೆ ಕಂಡದ್ದು ಅವತ್ತೇ.

ಲಿನಕ್ಸ್‌ನಲ್ಲಿ ಬಳಕೆದಾರರ ವಿವರ ಇರುವುದು 'ಪಾಸ್‌ಡಬ್ಲ್ಯೂಡಿ' ಎಂಬ ಸಾದಾ ಪಠ್ಯದ ಫೈಲಿನಲ್ಲಿ. ಒಬ್ಬರಿಗೆ ಒಂದು ಸಾಲು, ಸಾಲಿಗೆ ಏಳು ಅಂಕಣ, ನಡುವೆ ಕೋಲನ್ ಚಿಹ್ನೆ: ಲಾಗಿನ್ ಹೆಸರು, ಪಾಸ್‌ವರ್ಡ್, ಸಂಖ್ಯೆ, ಗುಂಪಿನ ಸಂಖ್ಯೆ, ಪೂರ್ಣ ಹೆಸರು, ಮನೆ ಫೋಲ್ಡರು, ಶೆಲ್. ಈ ಫೈಲನ್ನು ಯಾರು ಬೇಕಾದರೂ ಓದಬಹುದು. ಹಾಗಾಗಿ ಪಾಸ್‌ವರ್ಡಿನ ಹ್ಯಾಶ್ ಈಗ 'ಶ್ಯಾಡೋ' ಎಂಬ ಬೇರೆ ಫೈಲಿಗೆ ಹೋಗಿದೆ, ಇಲ್ಲಿ ಉಳಿದಿರುವುದು ಒಂದು 'ಎಕ್ಸ್' ಅಕ್ಷರ. ಪ್ರತಿ ಕಡತವೂ ನೆನಪಿಟ್ಟುಕೊಳ್ಳುವುದು ಸಂಖ್ಯೆಯನ್ನಷ್ಟೇ. ನಾವು ಪಟ್ಟಿ ಕೇಳಿದಾಗ ಯಂತ್ರ ಆ ಸಂಖ್ಯೆಯನ್ನು ಈ ಫೈಲಿನಲ್ಲಿ ಹುಡುಕಿ ಹೆಸರಾಗಿ ಅನುವಾದಿಸಿ ತೋರಿಸುತ್ತದೆ. ಅಪ್ಪನ ಸಾಲು ಅಳಿಸಿದ್ದರಿಂದ ಅನುವಾದ ನಿಂತುಹೋಗಿತ್ತು.

ಅಮ್ಮನಿಗೆ ಹೊಸ ಖಾತೆ ತೆರೆದೆ. ಖಾಲಿ ಇದ್ದ ಮೊದಲ ಸಂಖ್ಯೆ 1001. ಯಂತ್ರ ಅದನ್ನೇ ಕೊಟ್ಟಿತು. ಮತ್ತೆ ಪಟ್ಟಿ ನೋಡಿದೆ: ಅಪ್ಪನ ಎಲ್ಲ ಫೈಲುಗಳ ಮುಂದೆ ಅಮ್ಮನ ಹೆಸರು! ಸೊಸೈಟಿಯಲ್ಲಿ ಫ್ಲ್ಯಾಟು ಅಮ್ಮನ ಹೆಸರಿಗಾಗಲು ಆರು ತಿಂಗಳು ಅಲೆದಿದ್ದೆವು. ಇಲ್ಲಿ ಒಂದು ಸಹಿಯೂ ಬೇಕಾಗಲಿಲ್ಲ.

ಮೊದಲು ಖುಷಿಯಾಯಿತು, ಮರುಕ್ಷಣ ಅಳುಕು. ಭದ್ರತೆಯ ಲೆಕ್ಕದಲ್ಲಿ ಇದು ತಪ್ಪು. ವಿಂಡೋಸ್ ಪ್ರತಿ ಖಾತೆಗೂ ಉದ್ದನೆಯ ಗುರುತು ಕೊಡುತ್ತದೆ, ಖಾತೆ ಅಳಿಸಿದರೂ ಅದನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಆ ಫೋಲ್ಡರಿನಲ್ಲಿ ಅಪ್ಪನ ದಿನಚರಿಯಿತ್ತು. ಅವರು ಅದನ್ನು ಯಾರಿಗೂ ಓದಲು ಕೊಟ್ಟವರಲ್ಲ.

ಅಮ್ಮನನ್ನೇ ಕೇಳಿದೆ: "ಅಪ್ಪ ಬರೆದದ್ದೆಲ್ಲ ನಿನ್ನ ಹೆಸರಿಗೆ ಬಂದಿದೆ. ಹೀಗೇ ಇರಲಾ?"

ಅಮ್ಮ ಸೊಪ್ಪು ಬಿಡಿಸುತ್ತಲೇ ಹೇಳಿದಳು: "ಅವರು ಬರೆಯುವಾಗ ನಾನು ಇಣುಕಿದವಳಲ್ಲ. ಈಗ ಕೇಳೋಕೆ ಅವರಿಲ್ಲ ಅಂತ ಓದೋದಾ? ಬೇರೆ ಇಡು. ಅಳಿಸಬೇಡ."

ಒಂದೇ ಆಜ್ಞೆಯಲ್ಲಿ ಆ ಫೈಲುಗಳನ್ನೆಲ್ಲ 2001ಕ್ಕೆ ಒಪ್ಪಿಸಿದೆ. ಆ ಸಂಖ್ಯೆಯ ಬಳಕೆದಾರರು ನಮ್ಮ ಯಂತ್ರದಲ್ಲಿಲ್ಲ. ನಿರ್ವಾಹಕ ಖಾತೆ ನನ್ನದಾದ್ದರಿಂದ ನಾನು ಈಗಲೂ ತೆರೆಯಬಲ್ಲೆ. ತೆರೆದಿಲ್ಲ.

ಅಮ್ಮನ ಸಾಲಿನ ಐದನೆಯ ಅಂಕಣ ಖಾಲಿ ಇತ್ತು. ಅವಳ ಪೂರ್ಣ ಹೆಸರನ್ನು ಕನ್ನಡದಲ್ಲೇ ತುಂಬಿದೆ. ಮಹಾರಾಷ್ಟ್ರದ ಅರ್ಜಿಗಳಲ್ಲಿ ಬರೆದು ಅಭ್ಯಾಸ, ಅವಳ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಅಪ್ಪನ ಹೆಸರು ತಾನಾಗಿ ಬಂತು.