ಎರಡನೇ ಗೋಲಿ

ರಜೆಗೆ ಊರಿಗೆ ಹೋದಾಗ ಅಜ್ಜಿಯ ಮುಂದೆ ಜಂಬದಿಂದ ಹೇಳಿಕೊಂಡೆ: "ಕಾಲೇಜು ಟೀಮಲ್ಲಿ ನಾನು ಗೋಲಿ ಕಣಜ್ಜಿ."

ಅಜ್ಜಿ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು. "ಇಷ್ಟುದ್ದ ಬೆಳ್ದು ಗೋಲಿ ಆಡ್ತೀಯಾ? ಅದುಕ್ಕಾ ನಿಮ್ಮಪ್ಪ ಸಾಲ ಮಾಡಿ ಮೈಸೂರಿಗೆ ಕಳಿಸಿರದು?"

ಹಾಕಿ ಅಂದರೇನು, ಗೋಲು ಅಂದರೇನು, ಗೋಲಿನ ಬಾಗಿಲಲ್ಲಿ ನಿಲ್ಲುವವನಿಗೆ ಹುಡುಗರು ಪ್ರೀತಿಯಿಂದ ಗೋಲಿ ಅನ್ನುತ್ತಾರೆ ಎಂದೆಲ್ಲ ವಿವರಿಸಿದೆ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸತ್ಯ ಹೇಳುವ ಚಪಲ ನೋಡಿ, "ಆದ್ರೆ ನಾನು ಎರಡನೇ ಗೋಲಿ. ಮೊದಲನೆಯವನು ಬೇರೆ ಇದ್ದಾನೆ" ಎಂದೂ ಸೇರಿಸಿದೆ.

"ನಿಲ್ಲೋನು ಅವನು ಅಂದ್ರೆ, ನೀನು ಅಲ್ಲಿ ಏನ್ ಮಾಡ್ತೀಯ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೆಕಾಯಿ ಸುಲಿಯಲು ಕೂತೆ.

ನಾನು ಹಾಕಿಗೆ ಸೇರಿದ್ದೇ ಒಂದು ತಮಾಷೆ. ನಮ್ಮ ಕಾಲೇಜು ತಂಡದ ಮುಕ್ಕಾಲು ಪಾಲು ಕೊಡಗಿನ ಹುಡುಗರು. ಅವರು ನಡೆಯಲು ಕಲಿಯುವ ಮೊದಲೇ ಸ್ಟಿಕ್ ಹಿಡಿದವರು. ಬಯಲುಸೀಮೆಯ ನಾನು ಹಾಸ್ಟೆಲ್ ಊಟಕ್ಕೆ ಉಬ್ಬಿದ್ದೆ. ಮೊದಲ ದಿನ ಮೈದಾನದ ಸುತ್ತ ಎರಡು ರೌಂಡ್ ಓಡಿ ಬೇವಿನ ಮರ ಹಿಡಿದು ನಿಂತ ನನ್ನನ್ನು ಪಿ.ಟಿ. ಮೇಷ್ಟ್ರು ಮೇಲಿಂದ ಕೆಳಗೆ ನೋಡಿ, "ಓಡಕ್ಕಾಗಲ್ವಾ? ಗೋಲಲ್ಲಿ ನಿಂತ್ಕೊ. ಅಗಲವಾಗಿದ್ದೀಯ" ಅಂದರು. ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಅದರಲ್ಲಿ ನನ್ನ ಪಾಲನ್ನು ಹುಟ್ಟಿನಿಂದಲೇ ತುಂಬಿಕೊಂಡು ಬಂದಿದ್ದೇನೆ ಎಂಬುದು ಅವರ ಲೆಕ್ಕ.

ಮೊದಲನೇ ಗೋಲಿ ವಿರಾಜಪೇಟೆ ಕಡೆಯವನು, ನನಗಿಂತ ಎರಡು ವರ್ಷ ಸೀನಿಯರ್. ನಾವೆಲ್ಲ ಅಣ್ಣ ಅನ್ನುತ್ತಿದ್ದೆವು. ತೆಳ್ಳಗೆ, ಬೆಕ್ಕಿನ ಹಾಗೆ. ಚೆಂಡು ಹೊಡೆಯುವವನ ಭುಜ ತಿರುಗುವಾಗಲೇ ಇವನ ಕಾಲು ಅಲ್ಲಿರುತ್ತಿತ್ತು. ಅವನು ಇರುವವರೆಗೆ ನನ್ನ ಸರದಿ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಮೈದಾನದ ಬೇವಿನ ಮರಕ್ಕೂ ಗೊತ್ತಿತ್ತು.

ಕಾಲೇಜಿನಲ್ಲಿದ್ದದ್ದು ಒಂದೇ ಸೆಟ್ ಗೋಲಿ ಸಾಮಾನು. ಹೆಲ್ಮೆಟ್ಟು, ಎದೆಗಾರ್ಡು, ಕೈಗವಸು, ಕಾಲಿಗೆ ಪ್ಯಾಡು, ಪಾದಕ್ಕೆ ಕಿಕ್ಕರ್. ಅಣ್ಣ ಅದನ್ನು ತೊಟ್ಟಾಗ ನನಗೆ ಮೈಮೇಲೆ ಬನಿಯನ್ನು ಮಾತ್ರ. ಬರಿಗಾಲಲ್ಲಿ 160 ಗ್ರಾಮಿನ ಆ ಕಲ್ಲುಗುಂಡನ್ನು ತಡೆಯುವ ಹುಚ್ಚು ನನಗಿರಲಿಲ್ಲ. ಹಾಗಾಗಿ ಗೋಲಿನ ಹಿಂದೆ ನಿಂತು, ತಪ್ಪಿ ಬಂದ ಚೆಂಡುಗಳನ್ನು ಕಳ್ಳಿಬೇಲಿಯಿಂದ ಹೆಕ್ಕಿ ಕೊಡುತ್ತಿದ್ದೆ. ಅಣ್ಣನ ಅಭ್ಯಾಸ ಮುಗಿದ ಮೇಲೆ ಅವನು ಕಳಚಿದ್ದನ್ನು ನಾನು ತೊಡುತ್ತಿದ್ದೆ. ಆಗ ಫಾರ್ವರ್ಡ್ ಹುಡುಗರು ಕೈ ಸೋಲುವವರೆಗೆ ನನಗೆ ಹೊಡೆಯುತ್ತಿದ್ದರು. ಅವನಿಗೆ ಇಪ್ಪತ್ತು ಚೆಂಡು, ನನಗೆ ನೂರು. ಮೂರು ವರ್ಷ ನಾನು ಒಣಗಿದ ಪ್ಯಾಡನ್ನು ಕಂಡವನೇ ಅಲ್ಲ. ಇನ್ನೊಬ್ಬನ ಬೆವರಿನಲ್ಲಿ ನೆನೆದ ಸ್ಪಂಜು ಕಾಲಿಗೆ ಅಂಟುವ ಆ ತಣ್ಣನೆಯ ಅನುಭವ, ಮಳೆಗಾಲದಲ್ಲಿ ಅದರ ಮುಗ್ಗಲು ವಾಸನೆ, ಈಗಲೂ ಮೂಗಿನಲ್ಲಿದೆ.

ಹಾಕಿಯಲ್ಲಿ ಬೆಂಚಿನ ಮೇಲೆ ಕೂರುವ ಬೇರೆ ಹುಡುಗರ ಪಾಡು ಇಷ್ಟು ಕಷ್ಟದ್ದಲ್ಲ. ಆಟ ನಡೆಯುತ್ತಿದ್ದ ಹಾಗೇ ಎಷ್ಟು ಸಲ ಬೇಕಾದರೂ ಒಬ್ಬನನ್ನು ಕರೆದು ಇನ್ನೊಬ್ಬನನ್ನು ಬಿಡಬಹುದು. ಐದು ನಿಮಿಷ ಓಡಿ ದಣಿದವನು ಬರುತ್ತಾನೆ, ದಣಿವಾರಿಸಿಕೊಂಡವನು ಹೋಗುತ್ತಾನೆ. ಗೋಲಿ ದಣಿಯುವುದಿಲ್ಲ. ಅವನು ಹೊರಗೆ ಬರಬೇಕಾದರೆ ಪೆಟ್ಟಾಗಬೇಕು, ಇಲ್ಲವೇ ಕೆಟ್ಟದಾಗಿ ಆಡಬೇಕು, ಇಲ್ಲವೇ ಅಂಪೈರ್ ಕಾರ್ಡ್ ತೋರಿಸಬೇಕು. ಎರಡನೇ ಗೋಲಿಯ ಒಳ್ಳೆಯ ದಿನ ಮೊದಲನೆಯವನ ಕೆಟ್ಟ ದಿನವೇ ಆಗಿರಬೇಕು. ಹೀಗಾಗಿ ಬೆಂಚಿನ ಮೇಲೆ ಕೂತು ಏನನ್ನು ಹಾರೈಸಬೇಕು ಎಂಬುದೇ ಒಂದು ಧರ್ಮಸಂಕಟ. ನಾನು ಸಭ್ಯ ಮನುಷ್ಯ. ಅಣ್ಣನಿಗೆ ಕೇಡು ಬಯಸಲಾರೆ. ಚಿಕ್ಕದೊಂದು ಜ್ವರ ಬಂದರೆ ಸಾಕು ಎಂದು ರಾತ್ರಿ ಮಲಗುವಾಗ ಚಾಮುಂಡಿಬೆಟ್ಟದ ದೀಪಗಳ ಕಡೆ ನೋಡಿ ಕೇಳಿಕೊಂಡದ್ದುಂಟು.

1998ರ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಹಾಕಿ ಫೈನಲ್ ನಡೆಯಿತು. ದಕ್ಷಿಣ ಕೊರಿಯಾದ ಎದುರು ಪೆನಾಲ್ಟಿ ಸ್ಟ್ರೋಕುಗಳಲ್ಲಿ ನಮ್ಮ ಗೋಲಿ ಆಶಿಶ್ ಬಲ್ಲಾಳ್ ಗೋಡೆಯಾಗಿ ನಿಂತ, 32 ವರ್ಷಗಳ ನಂತರ ಭಾರತಕ್ಕೆ ಚಿನ್ನ ಬಂತು. ಆಮೇಲೆ ಒಂದು ವಾರ ನಮ್ಮ ಹಾಸ್ಟೆಲಿನಲ್ಲಿ ಗೋಲಿಗಳಿಗೆ ಎಲ್ಲಿಲ್ಲದ ಮರ್ಯಾದೆ. ನನಗೂ ಮೆಸ್ಸಿನಲ್ಲಿ ಎರಡನೇ ಸಲ ಪಲ್ಯ ಬಡಿಸಿದರು. ಮರುತಿಂಗಳು ಅಂತರ ಕಾಲೇಜು ಟೂರ್ನಿ.

ಲೀಗ್ ಪಂದ್ಯ. ನಾವು 1–0 ಮುಂದಿದ್ದೆವು, ಹನ್ನೊಂದು ನಿಮಿಷ ಉಳಿದಿತ್ತು. ಎದುರಾಳಿಗೆ ಶಾರ್ಟ್ ಕಾರ್ನರ್, ಅಂದರೆ ಗೋಲಿನತ್ತ ಗುರಿಯಿಡುವ ಒಳ್ಳೆಯ ಅವಕಾಶ ಸಿಕ್ಕಿತು. ಹೊಡೆತವನ್ನು ಅಣ್ಣ ಬಲಗೈಯಿಂದ ತಡೆದ. ಚಿಮ್ಮಿದ ಚೆಂಡು ನಮ್ಮವನ ಪಾದಕ್ಕೆ ಬಡಿದು ಇನ್ನೊಂದು ಶಾರ್ಟ್ ಕಾರ್ನರ್. ಅಷ್ಟರಲ್ಲಿ ಅಣ್ಣ ಕೈಗವಸು ಕಿತ್ತೆಸೆದು ಕೂತುಬಿಟ್ಟಿದ್ದ. ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು.

ಶಾರ್ಟ್ ಕಾರ್ನರ್ ಕೊಟ್ಟ ಮೇಲೆ ಅದು ಮುಗಿಯುವವರೆಗೆ ಯಾರನ್ನೂ ಬದಲಿಸುವಂತಿಲ್ಲ ಎಂಬುದು ಹಾಕಿಯ ನಿಯಮ. ಅದಕ್ಕೆ ಇರುವ ವಿನಾಯಿತಿ ಒಂದೇ: ತಡೆಯುವ ಕಡೆಯ ಗೋಲಿಗೆ ಪೆಟ್ಟಾದರೆ ಅಥವಾ ಅವನನ್ನು ಹೊರಹಾಕಿದರೆ ಇನ್ನೊಬ್ಬ ಬರಬಹುದು. ನಿಯಮದ ಪುಸ್ತಕ ಬರೆದವರು ಎಲ್ಲ ಬಾಗಿಲು ಮುಚ್ಚಿ, ನನ್ನಂಥವನಿಗಾಗಿ ಒಂದು ಕಿಂಡಿ ಬಿಟ್ಟಿದ್ದರು. ಅಂಪೈರ್ ಸಮಯ ನಿಲ್ಲಿಸಿ ನನ್ನ ಕಡೆ ಕೈ ಬೀಸಿದ.

ನಾನು ದೇವರಲ್ಲಿ ಕೇಳಿದ್ದು ಜ್ವರ. ಹೆಬ್ಬೆರಳು ಅಂದಿರಲಿಲ್ಲ.

ಅಣ್ಣ ಗೋಲಿನ ಪಕ್ಕ, ಬೂಟು ಬಿಚ್ಚಿಸಿಕೊಳ್ಳುವ ಮಗುವಿನ ಹಾಗೆ ಕಾಲು ಚಾಚಿ ಕೂತಿದ್ದ. ನಾನು ಮಂಡಿಯೂರಿ ಅವನ ಪ್ಯಾಡಿನ ಬಕಲ್ ಬಿಚ್ಚತೊಡಗಿದೆ. ನನ್ನ ಬೆರಳು ನಡುಗುತ್ತಿದ್ದವು. ಇಪ್ಪತ್ತೊಂದು ಜನ, ಇಬ್ಬರು ಅಂಪೈರು, ಕಾಂಪೌಂಡ್ ಮೇಲೆ ಕೂತ ಹುಡುಗರು, ಎಲ್ಲರೂ ನಾನು ಬಟ್ಟೆ ಹಾಕಿಕೊಳ್ಳುವುದನ್ನೇ ನೋಡುತ್ತಿದ್ದಾರೆ. ಅಣ್ಣ ನೋವಿಗೆ ಹಲ್ಲು ಕಚ್ಚಿಕೊಂಡೇ ಹೇಳಿದ: "ಆ ಉದ್ದದವ್ನು ಯಾವಾಗ್ಲೂ ನಿನ್ನ ಎಡಕ್ಕೇ ಹೊಡೀತಾನೆ. ಮುಖ ನೋಡ್ಬೇಡ. ಚೆಂಡು ನೋಡು." ಹೆಲ್ಮೆಟ್ಟನ್ನು ಎಡಗೈಯಿಂದ ತಾನೇ ನನ್ನ ತಲೆಗಿಟ್ಟ. ಒಳಗೆಲ್ಲ ಅವನ ಬೆವರು, ಇನ್ನೂ ಬೆಚ್ಚಗಿತ್ತು.

ಚೆಂಡು ಬಂತು, ಉದ್ದದವನು ಹೊಡೆದ. ನಾನು ಎಡಕ್ಕೆ ಹೆಜ್ಜೆ ಹಾಕಿದೆ. ಹಾಕಬೇಕೆಂದುಕೊಂಡೆ ಅನ್ನಬೇಕು. ಎರಡೂ ಕಾಲು ಒಂದಕ್ಕೊಂದು ಸಿಕ್ಕಿಕೊಂಡು, ಕಡಿದ ಬಾಳೆಗಿಡದ ಹಾಗೆ ಇಡೀ ಎಡಕ್ಕೆ ಉರುಳಿದೆ. ಚೆಂಡು ನನ್ನ ಸೊಂಟಕ್ಕೆ ಬಡಿದು ಕಂಬದಾಚೆ ಹೋಯಿತು. ಕಾಂಪೌಂಡ್ ಮೇಲಿನ ಹುಡುಗರು "ಬಲ್ಲಾಳ್! ಬಲ್ಲಾಳ್!" ಎಂದು ಕೂಗಿದರು. ನಮ್ಮ ಬ್ಯಾಕ್ ಆಟಗಾರ ನನ್ನನ್ನು ಎತ್ತಿ ನಿಲ್ಲಿಸಿ ಅಪ್ಪಿಕೊಂಡ. ಏನಾಯಿತೆಂದು ತಿಳಿಯದವನು ಮೈದಾನದಲ್ಲಿ ನಾನೊಬ್ಬನೇ.

ಉಳಿದ ಹನ್ನೊಂದು ನಿಮಿಷದಲ್ಲಿ ಇನ್ನೂ ಎರಡು ಸಂಗತಿ ನಡೆದವು. ಒಬ್ಬ ಫಾರ್ವರ್ಡ್ ಒಂಟಿಯಾಗಿ ನುಗ್ಗಿ ಬಂದ. ನಾನು ಯೋಚಿಸದೆ ಮುಂದೆ ಓಡಿ, ಚೆಂಡನ್ನು ಕಿಕ್ಕರಿನಿಂದ ಬದಿಗೆ ಒದ್ದೆ. ನೂರು ಚೆಂಡಿನ ಸಂಜೆಗಳಲ್ಲಿ ಕಲಿತದ್ದು ಅದೇ: ಮುಂದಕ್ಕೆ ಒದೆಯಬೇಡ, ಬದಿಗೆ ಒದಿ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಕೊನೆಗೆ ಎರಡು ನಿಮಿಷ ಇರುವಾಗ ಗುಂಪಿನ ನಡುವಿನಿಂದ ಚೆಂಡೊಂದು ನನ್ನ ಬಲಗಾಲನ್ನು ಸವರಿಕೊಂಡು ಹೋಗಿ ಹಿಂದಿನ ಹಲಗೆಗೆ "ಢಬ್" ಎಂದು ಬಡಿಯಿತು. ಗೋಲಿಗಳಿಗೆ ಮಾತ್ರ ಬೆನ್ನಿನಲ್ಲಿ ಕೇಳಿಸುವ ಸದ್ದು ಅದು. ಪಂದ್ಯ 1–1.

ಮೇಷ್ಟ್ರು ಬಂದು ನನ್ನ ಕಾಲನ್ನೇ ನೋಡಿದರು. "ಪ್ಯಾಡ್ ಉಲ್ಟಾ ಕಟ್ಕೊಂಡಿದ್ದೀಯಲ್ಲೋ" ಅಂದರು. ಎಡಗಾಲಿನದು ಬಲಕ್ಕೆ, ಬಲಗಾಲಿನದು ಎಡಕ್ಕೆ. ಹೊರಗಿರಬೇಕಾದ ಬಕಲ್‌ಗಳು ಒಳಗಡೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದವು. ಬಲ್ಲಾಳ್ ಎಂದು ಹೆಸರು ತಂದುಕೊಟ್ಟದ್ದು ಆ ಬಕಲ್ಲು.

ಆ ಹನ್ನೊಂದು ನಿಮಿಷವನ್ನು ಇಪ್ಪತ್ತೈದು ವರ್ಷಗಳಿಂದ ತಿರುವಿ ಹಾಕುತ್ತಿದ್ದೇನೆ. ಅವಕಾಶ ಸಿಕ್ಕ ದಿನ ಮೊದಲ ಚೆಂಡನ್ನು ಯಾರು ಬೇಕಾದರೂ ತಡೆಯಬಹುದು. ಅದೃಷ್ಟ ತಡೆಯುತ್ತದೆ, ಎದುರಾಳಿಯ ಸೋಮಾರಿತನ ತಡೆಯುತ್ತದೆ, ಬಕಲ್ ಕೂಡ ತಡೆಯುತ್ತದೆ. ಎರಡನೇ ಚೆಂಡಿಗೆ ಮಾತ್ರ ಅಭ್ಯಾಸವೇ ಬೇಕು. ನಾವು ಕತೆ ಹೇಳುವಾಗ ಮೊದಲ ಚೆಂಡಿಗೇ ನಿಲ್ಲಿಸಿಬಿಡುತ್ತೇವೆ.

2024ರ ಆಗಸ್ಟ್ 4ರಂದು ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್ ಟಿ.ವಿ.ಯಲ್ಲಿ ನೋಡುತ್ತಿದ್ದೆ. ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಸಿಕ್ಕಿ ಭಾರತ ನಲವತ್ತು ನಿಮಿಷಕ್ಕೂ ಹೆಚ್ಚು ಹತ್ತೇ ಜನರಲ್ಲಿ ಬ್ರಿಟನ್ನನ್ನು ಹಿಡಿದಿಟ್ಟಿತು. 1–1 ಆಗಿ ಶೂಟೌಟಿನಲ್ಲಿ 4–2ರಿಂದ ಗೆದ್ದಿತು. ಮನೆಯವರೆಲ್ಲ ಗೋಲಿ ಪಿ.ಆರ್. ಶ್ರೀಜೇಶ್‌ಗೆ ಚಪ್ಪಾಳೆ ಹೊಡೆಯುತ್ತಿದ್ದರೆ ನಾನು ಕೃಷನ್ ಪಾಠಕ್‌ನ ಬಗ್ಗೆ ಯೋಚಿಸುತ್ತಿದ್ದೆ. 2018ರಿಂದ ಶ್ರೀಜೇಶ್‌ನ ಜೊತೆಗಿದ್ದ ಹುಡುಗ. ವಿಶ್ವಕಪ್‌ಗಳಿಗೆ ಹೋದವನು, ಬೇರೆ ಟೂರ್ನಿಗಳಲ್ಲಿ ಪಂದ್ಯವನ್ನೇ ಹಂಚಿಕೊಂಡು ನಿಂತವನು. ಆದರೆ ಒಲಿಂಪಿಕ್ಸ್ ತಂಡ 16 ಜನರದ್ದು, ಅದರಲ್ಲಿ ಭಾರತಕ್ಕೆ ಗೋಲಿ ಒಬ್ಬನೇ. ಪಾಠಕ್ ಮೀಸಲು ಆಟಗಾರ. ಆಗಸ್ಟ್ 8ರಂದು ಸ್ಪೇನನ್ನು 2–1ರಿಂದ ಸೋಲಿಸಿ ಕಂಚು ಗೆದ್ದ ಮೇಲೆ ಶ್ರೀಜೇಶ್ ನಿವೃತ್ತನಾದ. ಅವನ 16ನೇ ನಂಬರಿನ ಅಂಗಿಯನ್ನು ಸೀನಿಯರ್ ತಂಡದಲ್ಲಿ ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಹಾಕಿ ಇಂಡಿಯಾ ಘೋಷಿಸಿತು. ಅಂಗಿ ಕೊಡದಿದ್ದರೇನು, ಜಾಗ ಕೊಡಲೇಬೇಕಲ್ಲ! ಮರುತಿಂಗಳೇ ಚೀನಾದ ಹುಲುನ್‌ಬುಯರ್‌ನಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ. ಪಾಠಕ್ ಗೋಲಿನಲ್ಲಿದ್ದ, ಭಾರತ ಫೈನಲಿನಲ್ಲಿ ಆತಿಥೇಯ ಚೀನಾವನ್ನು 1–0ರಿಂದ ಗೆದ್ದಿತು. ಅವನ ಪಕ್ಕದಲ್ಲಿ ಆಗಲೇ ಇನ್ನೊಬ್ಬ ಇದ್ದ, ಮುಂಬೈಯ ಸೂರಜ್ ಕರ್ಕೇರ. ಮನೆತನದ ಹೆಸರು ಕೇಳಿದರೆ ನಮ್ಮ ಕರಾವಳಿ ನೆನಪಾಗುತ್ತದೆ. ಮೊದಲನೆಯವನಾದ ದಿನವೇ ಎರಡನೆಯವನು ಪಕ್ಕದಲ್ಲಿ ಪ್ಯಾಡ್ ಕಟ್ಟಿ ನಿಂತಿರುತ್ತಾನೆ.

ಹಾಗೆ ನೋಡಿದರೆ ಶ್ರೀಜೇಶ್ ಕೂಡ ಕಾದವನೇ. ಕೇರಳದ ಆ ರೈತನ ಮಗನಿಗೆ ಪ್ಯಾಡ್ ಕೊಡಿಸಲು ಅಪ್ಪ ಹಸು ಮಾರಿದ್ದರು. 2006ರಲ್ಲಿ ಭಾರತ ತಂಡಕ್ಕೆ ಬಂದರೂ ಏಡ್ರಿಯನ್ ಡಿಸೋಜ, ಭರತ್ ಚೆಟ್ರಿ ಇವರ ಹಿಂದೆ ವರ್ಷಗಟ್ಟಲೆ ನಿಂತ. 2011ರಲ್ಲಿ ಚೀನಾದ ಓರ್ಡೋಸ್‌ನಲ್ಲಿ ಪಾಕಿಸ್ತಾನದ ಎದುರು ಎರಡು ಪೆನಾಲ್ಟಿ ಸ್ಟ್ರೋಕ್ ತಡೆದಾಗ ದೇಶ ಅವನ ಹೆಸರು ಕೇಳಿತು. ಅದು ಅವನ ಮೊದಲ ಚೆಂಡು ಅನ್ನೋಣ. ಅದಾದ ಮೇಲೆ ಹದಿಮೂರು ವರ್ಷ ತಡೆದದ್ದೆಲ್ಲ ಎರಡನೇ ಚೆಂಡುಗಳು.

ನನ್ನ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಅಣ್ಣನ ಬೆರಳು ವಾಸಿಯಾಗುವವರೆಗೆ ಇನ್ನೆರಡು ಪಂದ್ಯಗಳಲ್ಲಿ ನಿಂತೆ. ಒಂದು ಗೆದ್ದೆವು, ಒಂದು ಸೋತೆವು. ಅವನು ಮರಳಿದ, ನಾನು ಕಳ್ಳಿಬೇಲಿಗೆ ಮರಳಿದೆ. ನನಗೆ ಬೇಸರವಾಗಲಿಲ್ಲ ಅಂದರೆ ಸುಳ್ಳು. ಆದರೆ ಅವನು ಬೇಗ ಬರಲಿ ಎಂದು ಹಾರೈಸಿದ್ದೂ ನಿಜ. ಢಬ್ ಎಂಬ ಸದ್ದನ್ನು ಒಮ್ಮೆ ಕೇಳಿದವನಿಗೆ ಮೊದಲನೆಯವನ ಮೇಲೆ ಹೊಟ್ಟೆಕಿಚ್ಚು ಉಳಿಯುವುದಿಲ್ಲ.

2024ರ ಬೇಸಿಗೆಯಲ್ಲಿ ಅಣ್ಣ ನಾಪೋಕ್ಲುವಿನ ಕೊಡವ ಹಾಕಿ ಹಬ್ಬಕ್ಕೆ ಕರೆದ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುಮಾಡಿದ ಹಬ್ಬ ಅದು. 2024ರಲ್ಲಿ 360 ಕುಟುಂಬಗಳು ಆಡಿದ್ದರಿಂದ ಅದು ಗಿನ್ನೆಸ್ ದಾಖಲೆಗೂ ಸೇರಿತು. ಅಣ್ಣನ ತಲೆ ನರೆತಿದೆ, ಹೆಬ್ಬೆರಳು ಇನ್ನೂ ಸೊಟ್ಟ. ಅವನ ಕುಟುಂಬದ ತಂಡದಲ್ಲಿ ಹದಿನಾರರ ಹುಡುಗನೊಬ್ಬ ಎರಡನೇ ಗೋಲಿ. ಅವನಿಗೆ ಅವನದೇ ಒಣಗಿದ ಪ್ಯಾಡು! ಪಂದ್ಯಕ್ಕೆ ಮೊದಲು ಆ ಹುಡುಗ ಗೋಲಿನ ಹಿಂದೆ ಓಡಾಡಿ ಚೆಂಡು ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದ. ಆಟ ಶುರುವಾದ ಮೇಲೆ ಬೆಂಚಿನ ತುದಿಯಲ್ಲಿ, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು, ಚೆಂಡು ಎಲ್ಲಿದ್ದರೂ ಅಲ್ಲಿಗೆ ಕಣ್ಣಿಟ್ಟು ಕೂತ. ಪಂದ್ಯ ಮುಗಿಯುವವರೆಗೆ ಅವನನ್ನು ಯಾರೂ ಕರೆಯಲಿಲ್ಲ. ಅಜ್ಜಿ ಕೇಳಿದ್ದ ಪ್ರಶ್ನೆಗೆ ಉತ್ತರ ಅಲ್ಲಿ ಕೂತಿತ್ತು.

ನೀವು ಯಾವತ್ತಾದರೂ ಹಾಕಿ ಮ್ಯಾಚಿಗೆ ಹೋದರೆ ಅರ್ಧ ಗಂಟೆ ಮೊದಲೇ ಹೋಗಿ. ಗೋಲಿನ ಹಿಂದೆ ಚೆಂಡು ಹೆಕ್ಕುತ್ತಿರುವ ಹುಡುಗ ಕಾಣಿಸಿದರೆ ಒಂದು ಚಪ್ಪಾಳೆ ಅವನಿಗೂ ಇರಲಿ. ಹಾಗೇ ಅವನ ಕಾಲನ್ನೊಮ್ಮೆ ನೋಡಿ. ಬಕಲ್ ಹೊರಗಡೆ ಇರಬೇಕು.